ಘಾಲಾದ ಒಂಬತ್ತನೇ ಡ್ರಮ್ಮು

"ಶುಕ್ರವಾರ ಸಂಜೆ ಏಳೂವರೆಗೆ ನನ್ನ ಫ್ಲೈಟು. ಅದಕ್ಕೆ ಮೊದಲು ಮಸ್ಕತ್ತಿನಲ್ಲಿ ಒಂದು ಗಂಟೆ ಬಿಡುವು ಸಿಗ್ತದೆ. ಒಂದು ರೌಂಡ್ ಆಡಬಹುದು. ಯಾವ ಕೋರ್ಸಿಗೆ ಹೋಗ್ಲಿ, ಹರಿಣಾಕ್ಷಿಯವರೇ?"

ಬುಧವಾರ ಬೆಳಿಗ್ಗೆ ಒಳನಾಡಿನ ನಿಜ್ವಾದಿಂದ ಬಂದ ಭೋಜರಾಜನ ಫೋನು ಕೇಳಿದ್ದು ಇಷ್ಟೇ. ಆದರೆ ಮಸ್ಕತ್ತಿನ ಘಾಲಾದ ವರ್ಕ್‌ಶಾಪಿನ ಆಫೀಸಿನಲ್ಲಿ ಡೆಲಿವರಿ ನೋಟ್ ಬರೆಯುತ್ತಿದ್ದ ಹರಿಣಾಕ್ಷಿಯ ಪೆನ್ನು ನಿಂತೇ ಹೋಯಿತು.

೧೯೯೩ರ ಆ ನವೆಂಬರಿನಲ್ಲಿ ಅವರಿಬ್ಬರಿಗೆ ಗೊತ್ತಿದ್ದ ಡಿಸ್ಕ್ ಗಾಲ್ಫ್ ಕೋರ್ಸುಗಳು ಎರಡೇ. ಪ್ಲಾಸ್ಟಿಕ್ ತಟ್ಟೆಯಂಥ ಡಿಸ್ಕನ್ನು ಎಸೆಯುತ್ತ ಹೋಗಿ ದೂರದ ಬುಟ್ಟಿಗೆ ಬೀಳಿಸಬೇಕು, ಕಡಿಮೆ ಎಸೆತದಲ್ಲಿ ಬೀಳಿಸಿದವರು ಗೆದ್ದಂತೆ; ಆಟವೆಂದರೆ ಅಷ್ಟೇ. ಒಂದು ಕೋರ್ಸು ಕಡಲ ಕಡೆಯ ತೈಲ ಕಂಪನಿಯ ಕಾಲೊನಿಯಲ್ಲಿ. ಅಲ್ಲಿ ನೀರುಣಿಸಿ ಬೆಳೆಸಿದ ಹುಲ್ಲು, ಸರಪಳಿ ತೂಗುವ ಕಬ್ಬಿಣದ ಬುಟ್ಟಿಗಳು, ಗೇಟಿನಲ್ಲಿ ಪಾಸ್ ಕೇಳುವ ವಾಚ್‌ಮನ್. ಇನ್ನೊಂದು ಇಲ್ಲೇ, ವರ್ಕ್‌ಶಾಪಿನ ಹಿಂದಿನ ಒಣಹಳ್ಳದಲ್ಲಿ. ಇಲ್ಲಿರುವುದು ವೆಲ್ಡರ್ ಫ್ರೆಡ್ಡಿ ಮುಚ್ಚಳ ಕತ್ತರಿಸಿ ನಂಬರ್ ಬರೆದ ಒಂಬತ್ತು ಖಾಲಿ ಆಯಿಲ್ ಡ್ರಮ್ಮುಗಳು, ಮತ್ತು ಬೇಕಾದಷ್ಟು ಧೂಳು.

ಈ ಹುಚ್ಚನ್ನು ಘಾಲಾಕ್ಕೆ ಹಚ್ಚಿದವನೇ ಭೋಜರಾಜ. ನಿಜ್ವಾದ ಆಸ್ಪತ್ರೆಯ ಜನರೇಟರ್ ನೋಡಿಕೊಳ್ಳುವ ಕಂಟ್ರಾಕ್ಟ್ ಕಂಪನಿಯಲ್ಲಿ ಅವನು ಟೆಕ್ನಿಶಿಯನ್. ತಿಂಗಳಿಗೊಮ್ಮೆ ಸ್ಪೇರ್ ಪಾರ್ಟ್ಸಿಗೆ ಬಂದಾಗಲೆಲ್ಲ ಡಿಸ್ಕ್ ತರುತ್ತಿದ್ದ. ನಾಲ್ಕು ವರ್ಷದಲ್ಲಿ ಹರಿಣಾಕ್ಷಿ ಅವನಷ್ಟೇ ಚೆನ್ನಾಗಿ ಎಸೆಯಲು ಕಲಿತಿದ್ದಳು. ಇನ್ನೇನನ್ನು ಕಲಿತಿದ್ದಳು ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹಿಂದಿನ ದಿನವಷ್ಟೇ ಅತ್ತಿಗೆ ಸ್ವರ್ಣಲತಾ ಮೀನು ಹುರಿಯುತ್ತ ಹೇಳಿದ್ದಳು: "ಭೋಜರಾಜ ಊರಿಗೆ ಹೋಗುದು ಹೆಣ್ಣು ನೋಡ್ಲಿಕ್ಕಂತೆ. ರೂವಿಯ ಟೈಲರನ ಹತ್ರ ಸಫಾರಿ ಸೂಟು ಹೊಲಿಸಿದ್ದಾನಂತೆ."

ಆ ಸಫಾರಿ ಈಗ ಗಂಟಲಿಗೆ ಬಂದು ಕೂತಿತು.

"ಕಾಲೊನಿಗೆ ಹೋಗಿ," ಎಂದಳು ಫೋನಿಗೆ. "ಏರ್‌ಪೋರ್ಟಿಗೆ ಹತ್ತಿರ. ಪಾಸೂ ಸಿಕ್ಕಿದೆ ಅಂತ ಮೊನ್ನೆ ಹೇಳಿದ್ರಲ್ಲ. ಇಲ್ಲಿ ಎಂತ ಉಂಟು, ತುಕ್ಕು ಹಿಡಿದ ಡ್ರಮ್ಮು."

"ನೀವು ಹೇಳುದು ಅದೇನಾ?"

"ಅದೇ."

ರಿಸೀವರ್ ಇಟ್ಟ ಮರುಕ್ಷಣ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತು ಆಗಲೇ ನಿಜ್ವಾ ತಲುಪಿಯಾಗಿತ್ತು.

ಶುಕ್ರವಾರ ವಾರದ ರಜೆ, ಘಾಲಾದ ಗ್ಯಾರೇಜುಗಳೆಲ್ಲ ಶಟರ್ ಎಳೆದಿದ್ದವು. ಹರಿಣಾಕ್ಷಿ ಅಲ್ ಮಬೇಲಾದ ಮನೆಯಿಂದ ಅಣ್ಣ ದೇಜಪ್ಪನ ಕಾರಿನಲ್ಲಿ ಬಂದಿದ್ದಳು, ಮಡಿಲಲ್ಲಿ ಬಟ್ಟೆ ಸುತ್ತಿ ಹೊಲಿದ ಒಂದು ಕಟ್ಟು. ವರ್ಕ್‌ಶಾಪಿನ ಮ್ಯಾನೇಜರ್ ಆದ ದೇಜಪ್ಪ, ಮಧ್ಯಾಹ್ನ ಉಂಡ ತುಪ್ಪದ ನೈಚೋರು ಮತ್ತು ಕೋಳಿ ಸಾರಿನ ಭಾರಕ್ಕೆ ಆಫೀಸಿನ ಕುರ್ಚಿಯಲ್ಲೇ ಗೊರಕೆ ಹೊಡೆಯತೊಡಗಿದ. ಹಳ್ಳದ ಆಚೆ ಬದಿಯಲ್ಲಿ ಫ್ರೆಡ್ಡಿಯೂ ಪಿಕಪ್ ಓಡಿಸುವ ಕುಂಞಾಲಿಯೂ ಇಸ್ಪೀಟು ಹಾಕಿದ್ದರು; ಭೋಜರಾಜ ಎಲ್ಲಿ ಆಡಿದರೂ ಅವನನ್ನು ಏರ್‌ಪೋರ್ಟಿಗೆ ಬಿಡುವವನು ಕುಂಞಾಲಿಯೇ, ಕಟ್ಟನ್ನು ಅವನ ಕೈಯಲ್ಲಾದರೂ ಕಳಿಸಬಹುದಿತ್ತು.

ಮೂರೂವರೆ ಆಯಿತು. ನಾಲ್ಕಾಯಿತು. ಈಗ ಅವನು ಹುಲ್ಲಿನ ಮೇಲೆ ಆಡುತ್ತಿರಬಹುದು ಎಂದುಕೊಂಡಳು. ನಾನೇ ಕಳಿಸಿದ್ದಲ್ಲವೇ ಎಂದೂ ಅಂದುಕೊಂಡಳು.

ನಾಲ್ಕು ಹತ್ತಕ್ಕೆ ನಿಜ್ವಾದ ಟ್ಯಾಕ್ಸಿಯೊಂದು ಧೂಳೆಬ್ಬಿಸಿ ನಿಂತಿತು. ಹಗ್ಗ ಬಿಗಿದ ದೊಡ್ಡ ಸೂಟ್‌ಕೇಸಿನ ಹಿಂದೆ ಭೋಜರಾಜ ಇಳಿದ.

"ಕಾಲೊನಿ ದಾರಿ ತಪ್ಪಿತಾ?" ಎಂದಳು.

"ಪಾಸ್ ಕಿಸೆಯಲ್ಲೇ ಉಂಟು." ಅವನು ಅವಳ ಕಣ್ಣನ್ನು ಒಂದು ಗಳಿಗೆ ಹೆಚ್ಚೇ ನೋಡಿ, ಕಿವಿ ಕೆಂಪಾಗಿ, ಡ್ರಮ್ಮುಗಳ ಕಡೆ ತಿರುಗಿದ. "ಅದರ ಹಿಂಬದಿಯಲ್ಲಿ ಸ್ಕೋರ್ ಬರೆಯುವ ಅಂತ ತಂದೆ."

ಆಚೆಯಿಂದ ಕುಂಞಾಲಿ ಕೂಗಿದ: "ಭೋಜಣ್ಣ, ವೆಕೇಶನ್ನೋ ಕ್ಯಾನ್ಸಲ್ಲೋ?"

ಊರಿಗೆ ಹೊರಟವರಿಗೆಲ್ಲ ಒಮಾನಿನಲ್ಲಿ ಮೊದಲು ಕೇಳುವ ಪ್ರಶ್ನೆ ಅದು. ರಜೆಗೆ ಹೋಗಿ ಮರಳುತ್ತೀಯೋ, ವೀಸಾ ರದ್ದಾಗಿ ಕಾಯಂ ಹೋಗುತ್ತೀಯೋ?

"ವೆಕೇಶನ್ನೇ. ಎರಡು ತಿಂಗಳು."

ಹರಿಣಾಕ್ಷಿಗೆ ಉಸಿರು ಬಂತು. "ಹಾಗಾದರೆ ಅಮ್ಮನಿಗೊಂದು ಕಟ್ಟು ಉಂಟು. ಮೂಲ್ಕಿಗೆ ಮುಟ್ಟಿಸ್ಬೇಕು. ಎರಡೇ ಕಿಲೋ."

ಭೋಜರಾಜನ ಮುಖ ಸಣ್ಣದಾಯಿತು. "ಸೂಟ್‌ಕೇಸಲ್ಲಿ... ಜಾಗ ಇಲ್ಲ ಮಾರಾಯ್ರೆ."

ಅವಳು ಹಗ್ಗ ಬಿಗಿದ ಆ ಸೂಟ್‌ಕೇಸನ್ನೇ ದಿಟ್ಟಿಸಿದಳು. ಊರಿಗೆ ಹೋಗುವವನು ಉಳಿದವರ ಕಟ್ಟು ಒಯ್ಯಲು ಒಲ್ಲೆ ಎನ್ನುವುದು ಇಲ್ಲಿ ಇಲ್ಲವೇ ಇಲ್ಲ. ರಜೆಗೆ ಹೋಗುವವನು ತನ್ನ ಕಂಬಳಿ, ಕುಕ್ಕರು, ಟೇಪ್ ರೆಕಾರ್ಡರನ್ನು ರೂಮಿನಲ್ಲೇ ಬಿಟ್ಟು, ಪೆಟ್ಟಿಗೆಯಲ್ಲಿ ಬೇರೆಯವರ ಹಾಲಿನ ಪುಡಿ, ನೋವಿನೆಣ್ಣೆ ತುಂಬಿಕೊಂಡು ಹೋಗುತ್ತಾನೆ. ಜಾಗ ಇಲ್ಲದಿರುವುದು ಒಬ್ಬನಿಗೆ ಮಾತ್ರ. ಇಲ್ಲಿನ ಬದುಕನ್ನೆಲ್ಲ ಒಂದೇ ಪೆಟ್ಟಿಗೆಗೆ ತುರುಕಿದವನಿಗೆ.

ಅವನು ಸುಳ್ಳು ಹೇಳುತ್ತಿದ್ದ. ಐದಕ್ಕೆ ಕುಂಞಾಲಿಯ ಪಿಕಪ್ ಹೊರಡಬೇಕು. ಅವಳ ಕೈಯಲ್ಲಿ ಉಳಿದದ್ದು ಐವತ್ತು ನಿಮಿಷ.

"ಆಡುವ," ಎಂದಳು. "ಆದರೆ ಇವತ್ತು ಡ್ರಮ್ಮಿಗೊಂದು ಪ್ರಶ್ನೆ. ಗೆದ್ದವರು ಕೇಳುದು, ಸೋತವರು ನಿಜ ಹೇಳುದು."

"ನಿಜವೇ ಹೇಳ್ಬೇಕಾ?"

"ಯಾಕೆ, ಹೆದರಿಕೆಯಾ?"

"ನಿಮ್ಮ ಹತ್ರ ಯಾವತ್ತೂ ಹೆದರಿಕೆಯೇ," ಎಂದು ನಕ್ಕ. ಎಡಗೆನ್ನೆಯ ಆ ಗುಳಿಯನ್ನು ಈ ಹೊತ್ತಿನಲ್ಲಿ ನೋಡಬಾರದಿತ್ತು ಎನಿಸಿತು ಅವಳಿಗೆ.

ಮೊದಲ ಡ್ರಮ್ಮು ಅವನಿಗೆ ಮೂರೇ ಎಸೆತಕ್ಕೆ ಸಿಕ್ಕಿತು.

"ನನ್ನನ್ನು ಕಾಲೊನಿಗೆ ಹೋಗಿ ಅಂದದ್ದು ಯಾಕೆ?"

"ಅಲ್ಲಿ ಹುಲ್ಲು ಚೆನ್ನಾಗಿದೆ."

"ನಿಜ ಹೇಳುದು ಅಂದ್ರಿ."

"ಸಿಟ್ಟಿನಿಂದ."

"ಯಾರ ಮೇಲೆ?"

"ಅದು ಎರಡನೇ ಪ್ರಶ್ನೆ. ಗೆದ್ದು ಕೇಳಿ."

ಎರಡು, ಮೂರು ಸಮಸಮ ಆದವು. ನಾಲ್ಕನೇ ಡ್ರಮ್ಮಿನ ಹೊತ್ತಿಗೆ ಗಾಳಿ ಎದ್ದಿತು. ಅವನ ಡಿಸ್ಕು ಹಳೇ ಟೈರುಗಳ ರಾಶಿಗೆ ಬಿತ್ತು. ಅವಳದ್ದು ಢಣ್ಣೆಂದು ಒಳಗೆ.

"ಕ್ಯಾನ್ಸಲ್ ಅಲ್ವಾ?"

ಅವನು ಬಗ್ಗಿ ಡಿಸ್ಕಿನ ಧೂಳೊರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಹೌದು."

"ಯಾವಾಗಿನಿಂದ?"

"ಆಸ್ಪತ್ರೆಯ ಕಂಟ್ರಾಕ್ಟ್ ನಮ್ಮ ಕಂಪನಿಯ ಕೈ ತಪ್ಪಿ ತಿಂಗಳಾಯ್ತು. ಎನ್‌ಒಸಿ ಇಲ್ಲದೆ, ಧಣಿಯ ಒಪ್ಪಿಗೆ ಪತ್ರ ಇಲ್ಲದೆ ಹೋಗುದು. ಇನ್ನು ಎರಡು ವರ್ಷ ಒಮಾನಿಗೆ ಕಾಲಿಡುವ ಹಾಗಿಲ್ಲ. ಖಲಾಸ್."

ಎರಡು ವರ್ಷ! ಊರಲ್ಲಿ ಸಫಾರಿ ತೊಟ್ಟ ಮದುಮಗನಿಗೆ ಎರಡು ವರ್ಷದಲ್ಲಿ ಏನೇನಾಗದು?

ಐದನೆಯದೂ ಸಮ. ಆರನೆಯದನ್ನು ಅವಳು ಹಲ್ಲು ಕಚ್ಚಿ ಗೆದ್ದಳು.

"ಬೇರೆ ಕಂಪನಿಯ ಆಫರ್ ಲೆಟರ್ ತೋರಿಸಿದ್ದರೆ ನಿಮ್ಮ ವೀಸಾದ ಧಣಿ ಕಫೀಲ್ ಎನ್‌ಒಸಿ ಕೊಡ್ತಿರಲಿಲ್ವಾ?"

"ಕೊಡ್ತೇನೆ ಅಂದಿದ್ದರು."

"ಅಣ್ಣ ರಂಜಾನಿನಿಂದ ಜನರೇಟರ್ ಮೆಕ್ಯಾನಿಕ್ಕನ್ನು ಹುಡುಕ್ತಾ ಇದ್ದಾನೆ. ಅದು ನಿಮಗೂ ಗೊತ್ತುಂಟು. ಅವನ ಹತ್ರ ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಕೆಲಸ ಕೇಳಿದ ಬಾಯಲ್ಲೇ ತಂಗಿಯನ್ನೂ ಕೇಳ್ಲಿಕ್ಕೆ ಆಗ್ತದಾ?"

ಮಾತು ಹೊರಬಿದ್ದ ಮೇಲೆ ಅವನಿಗೇ ಗಾಬರಿಯಾಯಿತು. ಡಿಸ್ಕು ಕೈಯಿಂದ ಜಾರಿ ಕಲ್ಲಿನ ಮೇಲೆ ಉರುಳಿಕೊಂಡು ಹೋಯಿತು. ಅದನ್ನು ಹಿಡಿಯಲು ಇಬ್ಬರೂ ಹೋಗಲಿಲ್ಲ.

"ಎಲ್ಲರೂ ಎಂತ ಹೇಳಿಯಾರು?" ಎಂದ ತಗ್ಗಿದ ದನಿಯಲ್ಲಿ. "ವೀಸಾ ಉಳಿಸಿಕೊಳ್ಳಲಿಕ್ಕೆ ಮ್ಯಾನೇಜರನ ತಂಗಿಯನ್ನು ಹಿಡಿದ ಅಂತ. ನಿಮಗೂ ಒಂದು ದಿನ ಹಾಗೇ ಕಂಡರೆ? ಅದಕ್ಕೇ ಅಮ್ಮ ಹೇಳಿದ ಕಡೆ ಹೆಣ್ಣು ನೋಡಿ ಮುಗಿಸುವ ಅಂತ..."

ಹರಿಣಾಕ್ಷಿಗೆ ಸಂತೋಷವಾಗಬೇಕಿತ್ತು. ಸಂತೋಷಕ್ಕಿಂತ ಮೊದಲು ಬಂದದ್ದು ಕೋಪ. "ನೀವು, ನಿಮ್ಮ ಮರ್ಯಾದೆ, ಊರಿನವರ ಬಾಯಿ, ಎಲ್ಲ ಯೋಚಿಸಿದ್ರಿ. ತಂಗಿಯನ್ನೇ ಒಂದು ಮಾತು ಕೇಳ್ಬಹುದಿತ್ತು, ಅದು ಮಾತ್ರ ಹೊಳೆಯಲಿಲ್ಲ!"

ಅಷ್ಟರಲ್ಲಿ ಪಿಕಪ್ಪಿನ ಹಾರನ್ ಕೂಗಿತು. "ಯಲ್ಲಾ, ಬೇಗ ಬನ್ನಿ ಭೋಜಣ್ಣ! ಐದಾಯ್ತು!"

"ಒಂಬತ್ತನೇದು ಬಾಕಿ ಉಂಟು," ಎಂದಳು ಅವಳು. ನಡುವಿನ ಎರಡು ಡ್ರಮ್ಮುಗಳನ್ನು ದಾಟಿ ನಡೆದೇಬಿಟ್ಟಳು. ಸೆರಗಿನಲ್ಲಿ ಕಣ್ಣೊರೆಸಿದ್ದನ್ನು ಬೆನ್ನು ಕೊಟ್ಟು ಮರೆಸಿದಳು.

ಅವಳಿಗೆ ನಾಲ್ಕು ಎಸೆತ ಹಿಡಿಯಿತು. ಅವನಿಗೆ ಎರಡೇ. ಗೆದ್ದವನು ಕೇಳಬೇಕು. ಭೋಜರಾಜ ಬಾಯಿ ತೆರೆದ, ಮುಚ್ಚಿದ. ಏರ್‌ಪೋರ್ಟಿನ ದಾರಿ ನೋಡಿದ, ಅವಳನ್ನು ನೋಡಿದ. ಹಾರನ್ ಇನ್ನೊಮ್ಮೆ ಕೂಗಿತು. ಕೇಳಲಿಕ್ಕಾಗಲಿಲ್ಲ ಪಾಪದವನಿಗೆ.

"ಸೂಟ್‌ಕೇಸ್ ಇಲ್ಲಿ ತನ್ನಿ, ತೆರೆಯಿರಿ," ಎಂದಳು ಹರಿಣಾಕ್ಷಿ.

"ಆಂ?"

"ನೀವು ಕೇಳುದಿಲ್ಲ, ಗೊತ್ತಾಯ್ತು. ಕೇಳದಿದ್ದರೂ ನಾನು ಉತ್ತರ ಹೇಳ್ತೇನೆ. ತೆರೆಯಿರಿ."

ಅವನು ಓಡಿಹೋಗಿ ಸೂಟ್‌ಕೇಸ್ ಹೊತ್ತು ತಂದು ಹಗ್ಗ ಬಿಚ್ಚಿದ. ಕಂಬಳಿ, ಟೇಪ್ ರೆಕಾರ್ಡರು, ಸ್ಪಾನರುಗಳು. ಎಲ್ಲದರ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಬಿಸ್ಕತ್ತು ಬಣ್ಣದ ಸಫಾರಿ. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿದಳು.

"ಇದು ಯಾತಕ್ಕೆ?"

"ಹೆಣ್ಣು ನೋಡ್ಲಿಕ್ಕೆ ಹೋಗುವಾಗ..."

"ಹೆಣ್ಣು ನೋಡಿ ಆಯ್ತಲ್ಲ. ನಾಲ್ಕು ವರ್ಷ ನೋಡಿದ್ದು ಸಾಲದಾ?"

ಸಫಾರಿ ಒಂಬತ್ತನೇ ಡ್ರಮ್ಮಿನ ಅಂಚಿಗೆ ಹೋಯಿತು. ಅದಿದ್ದ ಜಾಗದಲ್ಲಿ ಎರಡು ಕಿಲೋ ಕಟ್ಟು ಸರಿಯಾಗಿ ಕೂತಿತು.

"ಅಮ್ಮನ ಕೈಗೇ ಕೊಡ್ಬೇಕು. ಊಟ ಮಾಡದೆ ಹೊರಡ್ಬಾರದು. ಒಳಗೊಂದು ಕಾಗದ ಉಂಟು. ಅಮ್ಮ ಓದುವಾಗ ನೀವು ಎದುರೇ ಕೂತಿರ್ಬೇಕು."

"ಎಂತ ಬರೆದಿದ್ದೀರಿ?"

"ಈ ಕಟ್ಟು ತಂದ ಜನ ಹೆಣ್ಣು ನೋಡ್ಲಿಕ್ಕೆ ಹೊರಟಿದ್ದಾರೆ, ನಮ್ಮ ಮನೆ ಬಿಟ್ಟು ಬೇರೆ ಮನೆಗೆ ಕಳಿಸ್ಬೇಡ ಅಂತ." ಹೇಳುತ್ತ ಹೇಳುತ್ತ ಅವಳ ಮುಖ ಕೆಂಪೇರಿತು. "ಬುಧವಾರವೇ ಬರೆದದ್ದು, ಫೋನ್ ಇಟ್ಟ ಮೇಲೆ. ಜಾಗ ಇಲ್ಲ ಅಂದ್ರಲ್ಲ, ಆಗ ನನ್ನ ಜೀವವೇ ಹೋಗಿತ್ತು."

ಭೋಜರಾಜ ಕಟ್ಟಿನ ಮೇಲೆ ಅಂಗೈ ಇಟ್ಟ. ಅವಳ ಬೆರಳುಗಳೂ ಅಲ್ಲಿಗೆ ಬಂದವು. ಆಚೆ ಫ್ರೆಡ್ಡಿ ಇಸ್ಪೀಟಿನಿಂದ ತಲೆ ಎತ್ತಲಿಲ್ಲ, ದೊಡ್ಡ ಮನಸ್ಸಿನವನು.

"ಮಾರ್ಚಿನಲ್ಲಿ ನಾನು ಊರಿಗೆ ಬರ್ತೇನೆ," ಎಂದಳು.

"ವೆಕೇಶನ್ನೋ ಕ್ಯಾನ್ಸಲ್ಲೋ?"

"ಅಮ್ಮ ನಿಮಗೆ ಎರಡನೇ ಸಲ ಅನ್ನ ಬಡಿಸಿದರೆ ಕ್ಯಾನ್ಸಲ್."

ಅವನು ತಾನು ತಂದಿದ್ದ ಮೂರು ಡಿಸ್ಕನ್ನೂ ಅವಳ ಕೈಗಿತ್ತು, ಸೂಟ್‌ಕೇಸ್ ಹೊತ್ತು ಓಡಿದ. ಪಿಕಪ್ಪಿನ ಕಿಟಕಿಯಿಂದ ಅವನ ಕೈ ಹೊರಗೇ ಇತ್ತು, ತಿರುವು ಬರುವ ತನಕ.

ದೇಜಪ್ಪ ಕಣ್ಣುಜ್ಜುತ್ತ ಹೊರಗೆ ಬಂದ. "ಭೋಜ ಹೋದನಾ? ನನ್ನನ್ನು ಎಬ್ಬಿಸ್ಬಾರದಿತ್ತಾ?" ಎನ್ನುತ್ತ ಡ್ರಮ್ಮಿನ ಬಳಿ ನಿಂತ. "ಇದೆಂತ ಇದು? ಹೊಸ ಸಫಾರಿ. ಯಾರದ್ದು?"

ಹರಿಣಾಕ್ಷಿ ಡಿಸ್ಕುಗಳನ್ನು ಎದೆಗವಚಿ ಹಿಡಿದಳು. ತಲೆ ಮಾತ್ರ ತಗ್ಗಿಸಲಿಲ್ಲ.

"ನಿನ್ನ ಭಾವನದ್ದು, ಅಣ್ಣ."

ದೇಜಪ್ಪ ತಂಗಿಯ ಮುಖ ನೋಡಿದ. ಪಿಕಪ್ ಹೋದ ದಾರಿಯ ಧೂಳು ನೋಡಿದ. ಆಮೇಲೆ ಸಫಾರಿಯನ್ನು ಎತ್ತಿ, ಧೂಳು ಕೊಡವಿ, ಜೋಪಾನವಾಗಿ ಮಡಚಿ ಅವಳ ತೋಳ ಮೇಲಿಟ್ಟ.

"ಮತ್ತೆ ಬಿಸಿಲಿಗೆ ಯಾಕೆ ಹಾಕಿದ್ದು?" ಎಂದ. "ಬಣ್ಣ ಹೋಗ್ತದೆ."