ನಕ್ಷೆ ಅಜ್ಜನ ದಪ್ಪ ಅಕ್ಷರ

ಇದು ನಡೆದಿದ್ದು ಹಾಡಹಗಲು, ಊಟಕ್ಕೆ ಮುಂಚೆ. ನಿದ್ದೆಗಣ್ಣು ಅಂತ ಹೇಳಿ ನುಣುಚಿಕೊಳ್ಳೋಕೂ ನನಗೆ ದಾರಿಯಿಲ್ಲ.

ನಮ್ಮ ಕಾರ್ಖಾನೆಯ ನಕ್ಷೆ ಬರೆಯುತ್ತಿದ್ದವರನ್ನು ಎಲ್ಲರೂ ನಕ್ಷೆ ಅಜ್ಜ ಅನ್ನುತ್ತಿದ್ದೆವು. ಅವರು ತೀರಿಕೊಂಡು ವರ್ಷವಾಗಿತ್ತು. ಪೈಪುಗಳ ನಕ್ಷೆ ಅವರ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಅದು ಗುಜರಿಗೆ ಹೋಗುವ ಮುಂಚೆ ಒಳಗಿದ್ದದ್ದನ್ನೆಲ್ಲ ಇದ್ದ ಹಾಗೇ ನಕಲು ಮಾಡಿ, ನನ್ನ ಕಂಪ್ಯೂಟರಿನೊಳಗೆ ವರ್ಚುವಲ್ ಮಷೀನಾಗಿ, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರಾಗಿ, ಓಡಿಸಿದೆ. ಓಡಿತು. ಆದರೆ ಪರದೆ ತುಂಬಾ ಇಟ್ಟಿಗೆಯಂಥ ಅಕ್ಷರ. ನಕ್ಷೆಯ ಒಂದು ಮೂಲೆ ಮಾತ್ರ ಕಾಣುತ್ತಿತ್ತು.

ಅಕ್ಷರ ಸಣ್ಣದಾಗಲೆಂದು ಪರದೆಯ ರೆಸಲ್ಯೂಷನ್ ಹೆಚ್ಚಿಸಿದೆ. 'ಹೀಗೇ ಇರಲೇ?' ಎಂದು ಕೇಳಿತು. ನಾನು 'ಹೌದು' ಒತ್ತುವಷ್ಟರಲ್ಲಿ ಮೌಸಿನ ಬಾಣ ತಾನಾಗಿ ನಿಧಾನವಾಗಿ ಜರುಗಿ 'ಬೇಡ' ಒತ್ತಿತು. ಪರದೆ ನಡೆಸುವ ತಂತ್ರಾಂಶ, ಡಿಸ್‌ಪ್ಲೇ ಡ್ರೈವರ್, ಹೊಸದು ಹಾಕಿದೆ. ಮತ್ತೆ 'ಬೇಡ'. ಮೌಸ್ ಕೆಟ್ಟಿರಬೇಕೆಂದು ವೈರ್ ಕಿತ್ತು ಮಡಿಲಲ್ಲಿಟ್ಟುಕೊಂಡು, ಕೀಬೋರ್ಡಿನಿಂದಲೇ ಮಾಡಿದೆ. ಬಾಣ ತಾನಾಗಿ ಹೊರಟಿತು. 'ಬೇಡ'. ಮಡಿಲಲ್ಲಿದ್ದ ಮೌಸ್ ಬೆಚ್ಚಗಿತ್ತು, ಯಾರೋ ಈಗ ತಾನೇ ಕೈ ತೆಗೆದ ಹಾಗೆ.

ಪಕ್ಕದ ಮೇಜಿನ ಅಕ್ಕನನ್ನು ಕರೆದು ತೋರಿಸಿದೆ.

"ಅಜ್ಜನಿಗೆ ಕಣ್ಣು ಮಂದ ಅಲ್ವೇನೋ, ಅಕ್ಷರ ದಪ್ಪಕ್ಕೇ ಇರ್ಬೇಕಿತ್ತು. ಕಂಪ್ಯೂಟರ್ ಏನೇ ಕೇಳಿದ್ರೂ ಬೇಡ ಅಂತ ಒತ್ತಿಬಿಡೋರು," ಅಂದರು. ನಗಲು ಹೋದವರು ಅರ್ಧಕ್ಕೇ ನಿಲ್ಲಿಸಿದರು.

ಸಾಕಪ್ಪಾ ಅನಿಸಿ ಆಫ್ ಮಾಡಲು ಹೋದೆ. 'ಮುಚ್ಚಲೇ?' ಎಂದು ಕೇಳಿತು. ಬಾಣ ಈ ಸಲ ತಡಮಾಡಲಿಲ್ಲ.

ಹೊರಗಿನಿಂದ, ನನ್ನ ಕಂಪ್ಯೂಟರಿನಿಂದಲೇ, ಒಂದೇ ಕ್ಲಿಕ್ಕಿಗೆ ಅದನ್ನು ನಿಲ್ಲಿಸಬಹುದು. ಕೈ ಏಳುತ್ತಿಲ್ಲ. ಮೂರು ವಾರವಾಯಿತು, ಇನ್ನೂ ಓಡುತ್ತಲೇ ಇದೆ.