ಅಣ್ಣನ ಮದುವೆಗೆ ತಮ್ಮನೇ ವರ!

"ರೀ, ಕನ್ನಡಕ ಬೇಕಾ ನಿಮಗೆ? ನಮ್ಮದೇ ಅಂಗಡಿ ಇದೆ, ಬನ್ನಿ!"

ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದ ಕನ್ನಡಕದ ಅಂಗಡಿಯವನ ಮುಖ ಕೆಂಪೇರಿತ್ತು. ಒಳಬಂದು, ಮದುವೆ ಕಾರ್ಡೊಂದನ್ನು ಅಲ್ಲಿ ಕಾರ್ಡು ಟೈಪ್ ಮಾಡುವ ಹುಡುಗಿಯ ಕೀಬೋರ್ಡ್ ಮೇಲೆ ಬಡಿದಿಟ್ಟ.

"ಮದುವೆ ನಮ್ಮಣ್ಣಂದು. ವರನ ಜಾಗದಲ್ಲಿ ನನ್ನ ಹೆಸರು! ಅಮ್ಮ ನೋಡ್ದೇನೇ ಹಂಚಿಬಿಟ್ಟಿದಾರೆ. ಅತ್ತಿಗೆ ಆಗೋರು ಅಳ್ತಾ ಕೂತಿದಾರೆ..."

ಅವಳು ಕಾರ್ಡನ್ನು ಕೈಗೆತ್ತಿಕೊಂಡು ನೋಡಿದಳು. ಆ ತಪ್ಪನ್ನು ಮೊನ್ನೆಯೇ ತಿದ್ದಿದ್ದೆನಲ್ಲ!

ಫೈಲ್ ತೆರೆದಳು. ತಿದ್ದಿದ್ದೇ ಇಲ್ಲ!

ಆಗ ನೆನಪಾಯಿತು. ಅವತ್ತು ಸೋದರಮಾವ ಊಟಕ್ಕೆ ಕರೆದಿದ್ದರು. ಮುಚ್ಚುವಾಗ ಕಂಪ್ಯೂಟರ್ 'ಬದಲಾವಣೆ ಉಳಿಸಬೇಕೇ?' ಎಂದು ಕೇಳಿತ್ತು. ಹಸಿವಿನ ಭರದಲ್ಲಿ 'ಬೇಡ' ಒತ್ತಿ ಓಡಿದ್ದಳು.

"ತಿದ್ದಿದ್ದೆ ಕಣ್ರೀ... ಸೇವ್ ಮಾಡ್ಲಿಲ್ಲ."

ಪ್ರೆಸ್ಸಿನ ಯಜಮಾನರಾದ ಆ ಮಾವ ಒಳಗಿಂದಲೇ ಗುಡುಗಿದರು. "ಪುಟ್ಟೀ! ಹೊಸ ಕಾರ್ಡ್ ಹೊಡ್ಕೊಡು. ಹಂಚಿದ ಮನೆಗೆಲ್ಲ ನೀನೇ ಹೋಗಿ ಬದಲಾಯಿಸ್ಕೊಂಡು ಬಾ!"

ತಿದ್ದಿದಳು, ಬೇರೆ ಫೈಲಾಗಿ ಸೇವ್ ಮಾಡಿದಳು. ನಂಬಿಕೆ ಬಾರದೆ ಮತ್ತೆ ಸೇವ್ ಮಾಡಿದಳು. ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿಟ್ಟಳು. ಹಳೆಯ ಫೈಲನ್ನು ಅಳಿಸಹೊರಟಾಗ ಅವನು ತಡೆದ.

"ಅದು ಇರ್ಲಿ. ನನಗೊಂದು ಕಾಪಿ ಕೊಡಿ."

ಸಾಕ್ಷಿಗೆ! ದೂರು ಕೊಡ್ತಾನೆ... ಕಟುಕ!

ಸಂಜೆ ಇಬ್ಬರೂ ಅವನ ನೆಂಟರ ಮನೆಗಳಿಗೆ ಹೊರಟರು. ಮೊದಲ ಮನೆಯಲ್ಲೇ ಚಿಕ್ಕಮ್ಮ ಅವಳ ಗಲ್ಲ ಹಿಡಿದರು. "ಹುಡುಗಿ ಇವಳೇನಾ? ಲಕ್ಷಣವಾಗಿದಾಳೆ!"

"ಅಯ್ಯೋ, ಇವರು ಪ್ರೆಸ್ಸಿನವರು!" ಅವನು ಕಿರುಚಿಕೊಂಡ.

ಅಷ್ಟು ಗಾಬರಿ ಯಾಕೋ? ಅವಳಿಗೆ ಸಿಟ್ಟು ಬಂತು.

ಮುಂದಿನ ಮನೆಯಲ್ಲಿ ದೊಡ್ಡಪ್ಪ ಅವನ ಬೆನ್ನಿಗೆ ಗುದ್ದಿದರು. "ಕಳ್ಳ! ಸದ್ದಿಲ್ದೇ ಹುಡುಕ್ಕೊಂಡ್ಯಲ್ಲೋ!" ಈ ಸಲ ಅವನ 'ಅಯ್ಯೋ' ಮೆತ್ತಗಿತ್ತು. ಮೆಟ್ಟಿಲಿಳಿಯುವಾಗ ಅವಳ ಕೈಯಿಂದ ಕಾರ್ಡಿನ ಚೀಲ ತೆಗೆದುಕೊಂಡ. ಅವಳು ಬೇಡವೆನ್ನಲಿಲ್ಲ.

ಕೊನೆಯದು ಕಿವಿ ಮಂದವಾಗಿದ್ದ ಸೋದರತ್ತೆಯ ಮನೆ.

"ನೀನೇ ಏನಮ್ಮಾ ನಮ್ಮ ಸೊಸೆ?"

ಅವಳು ಅವನತ್ತ ನೋಡಿದಳು. ಈಗ ಕಿರುಚುತ್ತಾನೆ...

ಅವನು ತುಟಿ ಬಿಚ್ಚಲಿಲ್ಲ! ಅತ್ತೆ ಇಬ್ಬರ ಕೆನ್ನೆಯನ್ನೂ ಚಿವುಟಿ, ಹಳೇ ಕಾರ್ಡನ್ನು ಎದೆಗವಚಿಕೊಂಡು ಬಾಗಿಲು ಹಾಕಿಕೊಂಡರು.

ಬೀದಿಗೆ ಬಂದೊಡನೆ ಅವಳು ತಿರುಗಿ ನಿಂತಳು. "ಯಾಕ್ರೀ ಸುಮ್ಮನಿದ್ರಿ?"

"ಗಂಟಲು ಕಟ್ಟಿತ್ತು."

"ಸುಳ್ಳು! ಆ ಕಾಪಿ ಯಾಕೆ ಇಸ್ಕೊಂಡ್ರಿ? ದೂರು ಕೊಡೋಕೆ ತಾನೇ?"

"ದೂರಾ?" ಅವನು ನಕ್ಕೇಬಿಟ್ಟ. "ನನ್ನ ಹೆಸರನ್ನ ವರ ಅಂತ ಯಾರೂ ಅಚ್ಚು ಹಾಕಿರ್ಲಿಲ್ಲ. ಕೋಪ ಬಂದಿದ್ದು ನಿಜ... ಒಳಗೊಳಗೇ ಚೆನ್ನಾಗಿದೆ ಅಂತಾನೂ ಅನ್ನಿಸ್ತು. ಪಕ್ಕದಲ್ಲಿ ಅತ್ತಿಗೆ ಹೆಸರು ಇತ್ತಲ್ಲ, ಅದೊಂದೇ ತಪ್ಪು."

"ಮತ್ತೆ... ಯಾರ ಹೆಸರು ಇರ್ಬೇಕಿತ್ತು?"

"ನಮ್ಮ ನೆಂಟರಿಗೆಲ್ಲ ಗೊತ್ತಾಯ್ತು. ನಿಮಗೆ ಮಾತ್ರ ಗೊತ್ತಾಗ್ಲಿಲ್ವಾ?"

ಅವಳ ಕಿವಿಯವರೆಗೂ ಬಿಸಿಯೇರಿತು.

"ಬೇಗ ನಡೀರಿ... ಮಾವ ಕಾಯ್ತಿರ್ತಾರೆ."

"ನಿಧಾನಕ್ಕೆ ಹೋದ್ರೆ ಆಗಲ್ವಾ?"

ಅವಳು ತಲೆ ತಗ್ಗಿಸಿ ನಾಲ್ಕು ಹೆಜ್ಜೆ ಹಾಕಿದಳು. ಆಮೇಲೆ ನಿಂತು, ಅವನು ಪಕ್ಕಕ್ಕೆ ಬರಲೆಂದು ಕಾದಳು.

"ಆಗುತ್ತೆ..."