ತಿಂಗಳಿಗೊಂದು ಭಾನುವಾರದ ಲೆಕ್ಕ

ಬಸ್ಸಿಗೆ ಎರಡು ಡಾಲರ್. ಮೊಟ್ಟೆ, ಹುರಿದ ಆಲೂಗಡ್ಡೆ, ಕಾಫಿಗೆ ಹದಿನಾಲ್ಕು. ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟದ ಮೇಜಿನಲ್ಲಿ ಒಂದು ಕೈ ಆಡಲು ಕನಿಷ್ಠ ಪಣ ಹದಿನೈದು. ಸೋತರೂ ಅಳದೆ ಎದ್ದು ಬರಬಹುದಾದ ಮೊತ್ತ ನಾನೂರು.

ರೋವೀನಾಳ ಭಾನುವಾರದ ಖರ್ಚು ಇಷ್ಟೇ. ಸಿಕ್ಕಿಬಿದ್ದರೆ ಮಾತ್ರ ಬೆಲೆ ಬೇರೆ... ಹನ್ನೊಂದು ವರ್ಷದ ಕೆಲಸ!

ಅವಳು ಅಮೆರಿಕದ ರೀನೋ ಊರಿನಲ್ಲಿ, ತಾನು ಆಡಲು ಹೋಗುವುದಲ್ಲದ ಇನ್ನೊಂದು ಕ್ಯಾಸಿನೋದಲ್ಲಿ, ಎಲೆ ಹಂಚುವ ಡೀಲರ್. ಹನ್ನೊಂದು ವರ್ಷ ಮೇಜಿನ ಆಚೆ ಬದಿ ನಿಂತವಳಿಗೆ ತಿಂಗಳಿಗೊಂದು ದಿನ ಈಚೆ ಬದಿ ಕೂರುವ ಆಸೆ. ಬಿದ್ದ ಎಲೆಗಳನ್ನು ಮನಸ್ಸಿನಲ್ಲೇ ಎಣಿಸಿ ಆಡುವುದು ಅಪರಾಧವೇನಲ್ಲ. ಆದರೆ ಎಣಿಸುವವರ ಫೋಟೋ ಒಂದು ಕ್ಯಾಸಿನೋದಿಂದ ಹೊರಟರೆ ಸಂಜೆಯೊಳಗೆ ಊರಿನ ಎಲ್ಲ ಕ್ಯಾಸಿನೋಗಳನ್ನೂ ತಲುಪುತ್ತದೆ. ಎಣಿಸುವ ಡೀಲರನ್ನು ಯಾವ ಮಾಲೀಕನೂ ಇಟ್ಟುಕೊಳ್ಳುವುದಿಲ್ಲ.

ಮೊದಲ ಭಾನುವಾರ ಅರವತ್ತು ಡಾಲರ್ ಸೋತು ಅವಳು ಆ ಕ್ಯಾಸಿನೋದ ಉಪಾಹಾರದ ಕೌಂಟರಿನ ಮುಂದೆ ಕುಳಿತಿದ್ದಳು. ಪಕ್ಕದ ಸ್ಟೂಲಿಗೆ ಒಬ್ಬ ಬಂದು ಕೂತ. ನಲವತ್ತರ ಆಸುಪಾಸು, ನಿದ್ದೆಗೆಟ್ಟ ಕಣ್ಣು.

"ಎಕ್ಕ ಬಂದಾಗೆಲ್ಲ ನಿಮ್ಮ ತುಟಿ ಅಲ್ಲಾಡ್ತಿತ್ತು," ಎಂದ ಮೆಲ್ಲಗೆ.

ಅವಳು ಕಾಫಿ ಲೋಟ ಕೆಳಗಿಟ್ಟಳು. "ಪ್ರಾರ್ಥನೆ ಮಾಡ್ತಿದ್ದೆ."

"ಆ ಮೇಜಲ್ಲಾ? ಅಲ್ಲಿ ದೇವರು ಬಂದ್ರೂ ಹದಿನೈದು ಡಾಲರ್ ಇಡಿಸ್ಕೋತಾರೆ!"

ಅವಳಿಗೆ ನಗು ಬಂದೇಬಿಟ್ಟಿತು. ಅವನೂ ನಕ್ಕ. ಆದರೆ ಅವನ ಕಣ್ಣು ನಗಲಿಲ್ಲ. ಚಾವಣಿಯಲ್ಲಿ ಕ್ಯಾಮೆರಾ ಅಡಗಿದ್ದ ಕಪ್ಪು ಗಾಜಿನ ಬುರುಡೆಯತ್ತ ಒಮ್ಮೆ ನೋಡಿ, ಸ್ಟೂಲನ್ನು ಕಂಬದ ಮರೆಗೆ ಎಳೆದುಕೊಂಡ.

*ಯಾರಿವನು... ಇಷ್ಟೆಲ್ಲ ಹೇಗೆ ಗೊತ್ತು?*

"ನಾನು ವೆಂಡೆಲ್. ಯಾಕ್ರೀ ಎಣಿಸೋಕೆ ಅಷ್ಟು ಕಷ್ಟದ ಪದ್ಧತಿ ಹಿಡಿದಿದ್ದೀರಿ? ಕೆಲವು ಎಲೆಗೆ ಒಂದು, ಕೆಲವಕ್ಕೆ ಎರಡು, ಎಕ್ಕಕ್ಕೆ ಬೇರೆ ಲೆಕ್ಕ..."

"ಅದರಲ್ಲೇ ಲಾಭ ಜಾಸ್ತಿ," ಎಂದುಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ದಿನಾ ಆಡೋರಿಗೆ. ಅಪರೂಪಕ್ಕೆ ಆಡೋರ ತಲೆ ತುಕ್ಕು ಹಿಡಿದಿರುತ್ತೆ. ಗಂಟೆಗೆ ಮೂರು ಸಲ ಎಡವಿದ್ರೆ ಆ ಲಾಭ ಎಲ್ಲ ನೀರುಪಾಲು. ಸುಲಭದ್ದು ಹಿಡೀರಿ. ಎರಡರಿಂದ ಏಳರವರೆಗೆ ಒಂದು ಕೂಡಿ. ಹತ್ತು, ರಾಜ, ರಾಣಿ, ಗುಲಾಮ, ಎಕ್ಕ ಬಂದ್ರೆ ಒಂದು ಕಳೀರಿ. ಎಂಟು, ಒಂಬತ್ತು ಬಿಟ್ಬಿಡಿ. ಭಾಗಾಕಾರ ಇಲ್ಲ, ತಲೆನೋವಿಲ್ಲ."

"ಇಷ್ಟೇನಾ?"

"ಇಷ್ಟೇ. ಸುಲಭದ್ದನ್ನ ತಪ್ಪಿಲ್ಲದೆ ಮಾಡೋನೇ ಗೆಲ್ಲೋದು ಕಣ್ರೀ."

ಆ ಚಳಿಗಾಲವೆಲ್ಲ, ಬಿಡುವಿದ್ದಾಗ, ಇಬ್ಬರೂ ಟ್ರಕೀ ನದಿಯ ದಂಡೆಯ ಬೆಂಚಿನಲ್ಲಿ ಕೂತರು. ಅವನು ಎಲೆಗಳನ್ನು ಜೋಡಿಜೋಡಿಯಾಗಿ ಹಾಕುತ್ತಿದ್ದ, ಅವಳು ಎಣಿಸುತ್ತಿದ್ದಳು. ಮೊಣಕಾಲಿಗೆ ಮೊಣಕಾಲು ತಾಗಿದರೆ ಲೆಕ್ಕ ತಪ್ಪುತ್ತಿತ್ತು!

"ಮತ್ತೆ ತಪ್ಪಿದೆ."

"ನೀನು ದೂರ ಕೂತ್ಕೋ, ತಪ್ಪಲ್ಲ."

"ಅಲ್ಲಿ ಪಕ್ಕದಲ್ಲಿ ಯಾರಾದ್ರೂ ಕೂತಿರ್ತಾರಲ್ಲ?"

"ಅವರ‍್ಯಾರೂ ನೀನಲ್ಲ..." ಎಂದು ಮುಖ ತಿರುಗಿಸಿಕೊಂಡಳು.

ಎಲ್ಲಿ ಕೆಲಸ ಎಂದು ಕೇಳಿದರೆ ಮಾತ್ರ ಅವನು ಮಾತು ಮರೆಸುತ್ತಿದ್ದ. ಅವಳಿಗೆ ಎದೆಯಲ್ಲಿ ಒಂದು ಮುಳ್ಳು ಚುಚ್ಚುತ್ತಲೇ ಇತ್ತು.

ನಾಲ್ಕನೆಯ ಭಾನುವಾರ ಹನ್ನೊಂದು ಗಂಟೆ. ಲೆಕ್ಕ ಏರುತ್ತಿತ್ತು, ಅಂದರೆ ಇನ್ನು ಉಳಿದದ್ದು ಹೆಚ್ಚಾಗಿ ದೊಡ್ಡ ಎಲೆಗಳು, ಆಡುವವರಿಗೆ ಲಾಭ. ಪಕ್ಕದ ಮುದುಕಿಯ ಮೊಮ್ಮಗಳ ಮದುವೆಯ ಕಥೆ ಕೇಳುತ್ತಲೇ ರೋವೀನಾ ಹದಿನೈದಿದ್ದ ಪಣವನ್ನು ತೊಂಬತ್ತಕ್ಕೆ ಏರಿಸಿದಳು. ಗೆದ್ದಳು. ಮತ್ತೆ ಗೆದ್ದಳು.

ಮೇಜಿನ ಹಿಂದಿದ್ದ ಫೋನು ಒಂದು ಸಲ ಗುರುಗುಟ್ಟಿತು. ಡೀಲರ್ ಹುಡುಗಿ ಇನ್ನೂ ಅರ್ಧ ಉಳಿದಿದ್ದ ಎಲೆಗಳನ್ನು ಎತ್ತಿಕೊಂಡು ಕಲೆಸತೊಡಗಿದಳು.

ಯಾರೋ ಎಣಿಸುತ್ತಿದ್ದಾರೆಂದು ಅನುಮಾನ ಬಂದರೆ ಲೆಕ್ಕ ಕೆಡಿಸಲು ಮಾಡುವ ಉಪಾಯವಿದು. ಅದು ರೋವೀನಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ದೂರದಲ್ಲಿ ಫಲಕವಿಲ್ಲದ ಬಾಗಿಲೊಂದು ತೆರೆಯಿತು. ಮ್ಯಾನೇಜರ್ ಹೊರಬಂದ. ಅವನ ಜೊತೆಗೆ... ವೆಂಡೆಲ್! ಕೊರಳಲ್ಲಿ, ಆಡುವವರ ಮೇಲೆ ಕಣ್ಣಿಡುವ ಕ್ಯಾಮೆರಾ ಕೋಣೆಯವರ ಕೆಂಪು ಬಿಲ್ಲೆ!

*ನನ್ನನ್ನು ಹಿಡಿಯಲು ನನಗೇ ಕಲಿಸಿದನಾ...*

ಹಣದ ಬದಲಿಗೆ ಆಡುವ ಚಿಪ್‌ಗಳನ್ನು ಚೀಲಕ್ಕೆ ಸುರಿದುಕೊಂಡು ಎದ್ದಳು. ಎದ್ದವಳೇ ಅಭ್ಯಾಸಬಲದಿಂದ ಎರಡೂ ಕೈ ತಟ್ಟಿ, ಅಂಗೈಗಳನ್ನು ಚಾವಣಿಗೆ ತೋರಿಸಿದಳು. ಕೈಯಲ್ಲಿ ಏನೂ ಬಚ್ಚಿಟ್ಟುಕೊಂಡಿಲ್ಲ ಎಂದು ತೋರಿಸಲು ಮೇಜು ಬಿಡುವಾಗ ಡೀಲರುಗಳು ಮಾಡಲೇಬೇಕಾದ ಕ್ರಮ. ಆಡಲು ಬಂದವರು ಯಾರೂ ಹಾಗೆ ಮಾಡುವುದಿಲ್ಲ.

ಮ್ಯಾನೇಜರ್ ನಿಂತಲ್ಲೇ ನಿಂತು ಆ ಕೈಗಳನ್ನೇ ನೋಡಿದ.

ಅವಳು ಹೊರಗೆ ಓಡಿದಳು. ಸೇತುವೆಯ ಮೇಲೆ ವೆಂಡೆಲ್ ಏದುಸಿರು ಬಿಡುತ್ತ ಅವಳನ್ನು ಹಿಡಿದ.

"ಮುಟ್ಟಬೇಡ! ನನ್ನ ಹಿಡಿದು ಕೊಡೋಕೆ ಎಷ್ಟು ಕೊಟ್ರು?"

"ರೋ, ಕೇಳು... ಮೊದಲ ಭಾನುವಾರವೂ ನೀನು ಹೀಗೇ ಕೈ ತಟ್ಟಿದ್ದೆ. ಪರದೆ ಮುಂದೆ ಇದ್ದದ್ದು ನಾನೊಬ್ಬನೇ. ಡೀಲರ್ ಅಂತ ತಿಳೀತು. ವರದಿ ಬರೆದಿದ್ರೆ ಅವತ್ತೇ ನಿನ್ನ ಕೆಲಸ ಹೋಗ್ತಿತ್ತು. ಬರೀಲಿಲ್ಲ. ಕೆಳಗಿಳಿದು ಬಂದೆ."

"ಮತ್ತೆ ಆ ಪಾಠ ಯಾಕೆ?"

"ಕಷ್ಟದ ಲೆಕ್ಕ ಮಾಡೋರ ಮುಖ ಪರದೇಲಿ ಕೂಗಿ ಹೇಳುತ್ತೆ. ಸುಲಭದ್ದಾದ್ರೆ ಹರಟುತ್ತಾ ಆಡಬಹುದು. ಯಾರ ಕಣ್ಣಿಗೂ ಬೀಳಲ್ಲ ಅಂದ್ಕೊಂಡೆ. ಇವತ್ತು ಪಣ ಒಂದೇ ಸಲಕ್ಕೆ ಆರು ಪಟ್ಟು ಏರಿಸಿದೆಯಲ್ಲ, ಹುಚ್ಚಿ!"

"ಫೋಟೋ... ಹೋಯ್ತಾ?"

"ಮ್ಯಾನೇಜರ್ ಕಳಿಸು ಅಂದ. ಅವಳು ನನ್ನ ಹುಡುಗಿ, ಕಲಿಸಿದ್ದೂ ನಾನೇ ಅಂದೆ. ಫೋಟೋ ಹೋದ್ರೆ ಕಲಿಸಿದ್ದು ಅವನ ಕೋಣೆಯವನೇ ಅಂತ ಊರೆಲ್ಲ ನಗುತ್ತೆ. ಅದಕ್ಕೇ ಕಳಿಸಲಿಲ್ಲ, ನನ್ನ ಬಿಲ್ಲೆ ಕಿತ್ಕೊಂಡು ಕೆಲಸದಿಂದ ತೆಗೆದ. ಇಬ್ಬರೂ ಇನ್ಮೇಲೆ ಈ ಬಾಗಿಲಲ್ಲಿ ಕಾಣಿಸ್ಕೊಂಡ್ರೆ ಫೋಟೋ ಹೊರಡುತ್ತೆ ಅಂದ. ಅವನು ಸುಮ್ಮನೆ ಹೇಳೋನಲ್ಲ, ರೋ."

ಅವನ ಕೊರಳು ಬರಿದಾಗಿತ್ತು. ಅವಳು ಅದನ್ನು ಈಗ ನೋಡಿದಳು.

"ನನ್ನ ಹುಡುಗಿ ಅಂತ ನನಗೆ ಹೇಳೋ ಮೊದಲೇ ಅವನಿಗೆ ಹೇಳಿದ್ಯಾ?"

"ಅವನಿಗೆ ಹೇಳೋಕೆ ಅಷ್ಟು ಭಯ ಇರಲಿಲ್ಲ."

"ಈಗ ಹೇಳು."

"ನೀನಿಲ್ದೆ ನನಗಾಗಲ್ಲ, ರೋವೀನಾ..."

ಅವಳು ಅವನ ಎದೆಗೆ ಹಣೆ ಒತ್ತಿದಳು. "ಇನ್ನೊಂದು ಸಲ ನನ್ನ ಹತ್ರ ಏನಾದ್ರೂ ಮುಚ್ಚಿಟ್ರೆ ನೋಡು!"

"ಇಲ್ಲ ಕಣೆ... ಇಲ್ಲ."

ನಾಲ್ಕು ಭಾನುವಾರ ಸೇರಿ ಅವಳು ಗೆದ್ದದ್ದು ನೂರ ಮೂವತ್ತೈದು ಡಾಲರ್. ಅವನು ಕಳೆದುಕೊಂಡದ್ದು ಗಂಟೆಗೆ ಇಪ್ಪತ್ತೆರಡು ಡಾಲರಿನ ಕೆಲಸ. ಅವಳ ಕೆಲಸ ಉಳಿಯಿತು, ಆದರೆ ಆ ಮ್ಯಾನೇಜರ್ ಬಾಯಿ ಬಿಡದಿರುವಷ್ಟು ದಿನ ಮಾತ್ರ. ವೆಂಡೆಲ್ ಅವಳವನಾದ.